ನಮ್ಮ ಮನೆಯ ಹಲಗೆಯನ್ನು ಮಂಗಳವಾರದೊಳಗೆ ಹಿಂದಿರುಗಿಸಿ

ನಗರದ ಓಟ-ಪ್ರವಾಸ ವಿಭಾಗದ ಮಾನ್ಯ ಅಧಿಕಾರಿಗಳೇ,

ಅಲ್ಲಿ ಎಲ್ಲರೂ ಕ್ಷೇಮವೇ? ಮೂರನೇ ಕಿಟಕಿಯ ಗುಮಾಸ್ತರ ಹಲ್ಲುನೋವು ಇಳಿಯಿತೇ? ಬಾಗಿಲಲ್ಲಿ ಕೂರುವ ಜವಾನರ ಮಗಳಿಗೆ ಹೆರಿಗೆ ಸುಸೂತ್ರವಾಯಿತೇ? ಮೂರು ವಾರಗಳಲ್ಲಿ ಏಳು ಸಲ ನಿಮ್ಮ ಬೆಂಚಿನ ಮೇಲೆ ಕೂತು ಎದ್ದವನಿಗೆ ಎಲ್ಲರ ಯೋಗಕ್ಷೇಮವೂ ತಿಳಿದಿದೆ, ತಮ್ಮದೊಂದನ್ನು ಬಿಟ್ಟು. ತಾವು ಏಳು ಸಲವೂ ಮೀಟಿಂಗಿನಲ್ಲಿದ್ದಿರಿ. ಇತ್ತ ನನ್ನ ಹೆಂಡತಿ ಕ್ಷೇಮವಾಗಿಲ್ಲ. ಕಾರಣ, ನಮ್ಮ ಮನೆಯ ಹಲಗೆ ನಿಮ್ಮ ಕಚೇರಿಯ ಹಿತ್ತಲಲ್ಲಿ ಬಿದ್ದಿದೆ.

ನಾನು ಶಾಲೆ ಕಂಡದ್ದು ಮೂರೇ ವರ್ಷ. ಪಾರ್ಸೆಲ್ ಕಚೇರಿಯಲ್ಲಿ ಮೂಟೆ ಹೊಲಿಯುತ್ತ, ಮೂಟೆಗಳ ಮೇಲಿನ ವಿಳಾಸ ಓದುತ್ತ ಅಕ್ಷರ ಕಲಿತವನು. ಅಕ್ಕ-ತಂಗಿಯರಿಗೆ, ಭಾವಂದಿರಿಗೆ ಕಾಗದ ಬರೆದು ರೂಢಿಯೇ ಹೊರತು ಸರ್ಕಾರಕ್ಕೆ ಬರೆದು ಗೊತ್ತಿಲ್ಲ. ತಮಗೆ ಬರೆದ ನಾಲ್ಕು ಕಾಗದಗಳಿಗೆ ಉತ್ತರ ಬಾರದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನಾಕೆಗೆ ಕಾಲು ಸ್ವಾಧೀನವಿಲ್ಲ, ಗಾಲಿಕುರ್ಚಿಯೇ ಗತಿ. ಮೂತ್ರಪಿಂಡಗಳೂ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಮ್ಮ ಬಾಗಿಲಿಂದ ಫುಟ್‌ಪಾತಿಗೆ ನಾಲ್ಕು ಎತ್ತರದ ಮೆಟ್ಟಿಲು. ಬಡಗಿಯಾದ ನನ್ನ ಭಾವಮೈದ ಒಂದು ಉದ್ದನೆಯ ಹಲಗೆ ಮಾಡಿ, ಜಾರದಂತೆ ರಬ್ಬರ್ ಪಟ್ಟಿ ಬಡಿದು ಕೊಟ್ಟ. ಆರೂವರೆಗೆ ಹಲಗೆ ಹಾಸುವುದು, ಕುರ್ಚಿ ಇಳಿಸುವುದು, ಹಲಗೆ ಎತ್ತಿ ಒಳಗಿಡುವುದು: ಮೂರು ನಿಮಿಷದ ಕೆಲಸ. ಆ ಮೂರು ನಿಮಿಷದಲ್ಲೇ ನಿಮ್ಮವರು ಬಂದು ಹಲಗೆ ಹೊತ್ತೊಯ್ದರು. ಪ್ರವಾಸಿಗರು ಓಡುತ್ತ ಊರು ನೋಡುವ ದಾರಿಯಲ್ಲಿ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಯಾವ ವಸ್ತುವೂ ಅಡ್ಡ ಇರಕೂಡದಂತೆ. ಭಾವಮೈದ ಇನ್ನೊಂದು ಮಾಡಿದ. ಅದೂ ಹೋಯಿತು. ಈಗ ಎರಡೂ ನಿಮ್ಮ ಹಿತ್ತಲಲ್ಲಿ ಒಂದರ ಮೇಲೊಂದು ಮಲಗಿವೆ, ನಾನೇ ಕಣ್ಣಾರೆ ಕಂಡಿದ್ದೇನೆ.

“ಬೇರೆ ಟೈಮಿಗೆ ಹೋಗಿ ಯಜಮಾನ್ರೇ” ಎಂದರು ನಿಮ್ಮ ಗುಮಾಸ್ತರು. ಆಸ್ಪತ್ರೆಯಲ್ಲಿ ಕೇಳಿದೆ. ಅಲ್ಲಿಯ ನರ್ಸಮ್ಮ ನನ್ನ ಮುಖ ನೋಡದೆ ಹೇಳಿದಳು: “ತಾತ, ಮಧ್ಯಾಹ್ನದ ಬೆಡ್ ಖಾಲಿಯಾಗ್ಬೇಕು ಅಂದ್ರೆ ಅಲ್ಲಿ ಮಲಗಿರೋರು ಯಾರೋ ಒಬ್ರು ಹೋಗ್ಬೇಕು. ಹಾಗಂತ ಬೇಡ್ಕೊಳ್ಳೋಕಾಗುತ್ತಾ?” ತಾವೇ ಹೇಳಿ ಸ್ವಾಮಿ, ಬೇಡಿಕೊಳ್ಳಲೇ?

ಓಟದ ಮೇಲೆ ನನಗೆ ಹಗೆಯಿಲ್ಲ. ಪರಊರಿನವರು ಗೈಡಿನ ಹಿಂದೆ ಓಡುತ್ತ ಎಂಟು ಕಿಲೋಮೀಟರಿನಲ್ಲಿ ಊರು ನೋಡಿ ಮುಗಿಸುವುದು ಮೊದಲು ಶುರುವಾದಾಗ ನನ್ನಾಕೆ ಕಿಟಕಿಯಲ್ಲಿ ಕೂತು, “ಇವರನ್ನೆಲ್ಲ ಯಾರು ಅಟ್ಟಿಸ್ಕೊಂಡು ಬರ್ತಿದಾರ್ರೀ?” ಎಂದು ಗಾಬರಿಯಿಂದ ಕೇಳಿದ್ದಳು. ಆಮೇಲೆ ಕೈ ಬೀಸತೊಡಗಿದಳು. ಅವರೂ ಬೀಸಿದರು. ಗಡಿಯಾರದ ಗೋಪುರ, ಹಳೆಯ ಸೇತುವೆ ಮುಂತಾದ ಐದು ಕಡೆ ಅವರು ನಿಲ್ಲುತ್ತಾರೆ. ನಮ್ಮ ಕಿಟಕಿ ನಿಲ್ಲುವ ಜಾಗವಲ್ಲ, ಓಡುತ್ತಲೇ ನೋಡುವ ಜಾಗ. ನಿಮ್ಮ ಇಲಾಖೆಯೇ ಅಚ್ಚು ಹಾಕಿಸಿದ ಬಣ್ಣದ ಕೈಪಿಡಿಯಲ್ಲಿ, ನಾಲ್ಕನೇ ಕಿಲೋಮೀಟರಿನ ಪಕ್ಕ, “ಕೈ ಬೀಸುವ ಅಜ್ಜಿ” ಎಂದಿದೆ, ಫೋಟೋ ಸಮೇತ. ಅಜ್ಜಿ ನಗರದ ಆಸ್ತಿ. ಅಜ್ಜಿಯ ಹಲಗೆ ಮಾತ್ರ ನಗರಕ್ಕೆ ಅಡ್ಡಿ. ಇದು ಯಾವ ನ್ಯಾಯ?

ಹಲಗೆ ಹೋದ ಮೇಲೆ ನಾನೂ ಭಾವಮೈದನೂ ಅವಳನ್ನು ಕುರ್ಚಿ ಸಮೇತ ಎತ್ತಿ ಇಳಿಸಲು ನೋಡಿದೆವು. ಎರಡನೇ ಮೆಟ್ಟಿಲಲ್ಲಿ ನನ್ನ ಕೈ ಜಾರಿತು. ಅವಳ ಮೊಣಕೈಯ ಚರ್ಮ ಕಿತ್ತುಹೋಯಿತು, ಕುರ್ಚಿಯ ಭಾರ ಬಿದ್ದು ಅವನ ಮಣಿಕಟ್ಟು ಮುರಿಯಿತು, ಇನ್ನು ಮೂರನೇ ಹಲಗೆ ಮಾಡಲು ಅವನಿಂದಾಗದು. ಜಾರಿದ್ದು ನನ್ನ ಕೈ, ಇದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಮಧ್ಯಾಹ್ನ ವಾಪಸಾಗುವಾಗ ಪಕ್ಕದ ಗೋದಾಮಿನ ಹಮಾಲರು ಹೂವೆತ್ತಿದಂತೆ ಎತ್ತಿ ಒಳಗಿಡುತ್ತಾರೆ. ಬೆಳಗ್ಗೆ ಆರೂವರೆಗೆ ಮಾತ್ರ ನಮ್ಮ ಬೀದಿಯಲ್ಲಿ ನಿಮ್ಮ ಓಟಗಾರರ ಹೊರತು ಒಂದು ನರಪಿಳ್ಳೆಯೂ ಇರುವುದಿಲ್ಲ.

ಮುಂದಿನ ಡಯಾಲಿಸಿಸ್ ಸರದಿಯ ದಿನ ಅವಳು ಕಿಟಕಿಯಿಂದ ಬೀಸಿದ್ದು ಕೈಯನ್ನಲ್ಲ, ಟವೆಲನ್ನು. ಪ್ರವಾಸಿಗರು ಖುಷಿಯಿಂದ ಟೋಪಿ ಬೀಸಿ ಮುಂದೆ ಹೋದರು. ಗೈಡ್ ಮೇಡಂ ಮಾತ್ರ ನಿಂತರು. ಹಿಂದೆ ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು, ಕೊರಳಲ್ಲಿ ಈಗಲೂ ಸೀಟಿ. “ಏನಮ್ಮಾ ಇವತ್ತು?” ಎಂದರು. “ಏನಿಲ್ಲ ಕಣವ್ವಾ, ಇಳೀಬೇಕಿತ್ತು” ಎಂದಳು ಇವಳು. ಮೇಡಂ ಸೀಟಿ ಊದಿದರು. ಮುಂದೆ ಓಡಿದ್ದ ಏಳು ಜನ ತಿರುಗಿ ಬಂದರು. ಭಾಷೆ ಬಾರದ ಆ ಏಳು ಜನಕ್ಕೆ ನನ್ನಾಕೆ ಕುರ್ಚಿಯಲ್ಲಿ ಕೂತೇ ಅಪ್ಪಣೆ ಕೊಟ್ಟಳು: “ಏಯ್ ಉದ್ದನೆಯವನೇ, ನಿನ್ನ ಕಡೆ ಮೇಲಾಯ್ತು, ಇಳ್ಸೋ! ನಾನೇನು ಜಾರುಬಂಡೆ ಆಡ್ತಿದೀನಾ?” ಅವನಿಗೆ ಹೇಗೋ ಅರ್ಥವಾಯಿತು. ಎರಡು ನಿಮಿಷ. ಅಷ್ಟೇ.

ಹೀಗೆ ಐದು ಸರದಿ ನಡೆಯಿತು. ಬೇರೆ ಬೇರೆ ಊರಿನವರು, ಬೇರೆ ಬೇರೆ ತೋಳುಗಳು. ಅವರಲ್ಲೊಬ್ಬರು ಊರಿಗೆ ಮರಳಿ ನಿಮ್ಮ ಅಭಿಪ್ರಾಯದ ಹಾಳೆ ತುಂಬಿ ಕಳಿಸಿದರು: “ನಿಮ್ಮ ನಗರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಅಜ್ಜಿಯನ್ನು ಹೊತ್ತದ್ದು.” ಪಾಪ, ಮೆಚ್ಚಿ ಬರೆದರು. ತಾವು ಅದನ್ನೇ ಸಾಕ್ಷಿ ಮಾಡಿಕೊಂಡಿರಿ. ಅನುಮತಿಯಲ್ಲಿರುವುದು ಐದು ನಿಲುಗಡೆ, ಇವರು ಆರನೆಯದು ಮಾಡಿದರು, ಪ್ರವಾಸಿಗರಿಂದ ಭಾರ ಹೊರಿಸಿದರು ಎಂದು ಮೊನ್ನೆ ಶುಕ್ರವಾರ ಮೇಡಂ ಅವರ ಪರವಾನಗಿಯನ್ನೇ ತಡೆಹಿಡಿದಿರಿ. ನನ್ನ ಹೆಂಡತಿ ನಿಮ್ಮ ಕೈಪಿಡಿಯಲ್ಲಿ ಆಕರ್ಷಣೆ, ನಿಮ್ಮ ಕಡತದಲ್ಲಿ ಭಾರ. ಒಬ್ಬಳೇ ಹೆಂಗಸು ಎರಡೂ ಆಗುವುದು ಹೇಗೆಂದು ಆ ಆದೇಶ ಬರೆದವರಿಗೆ ಒಮ್ಮೆಯೂ ಅನ್ನಿಸಲಿಲ್ಲವೇ?

ಮೇಡಂ ನಮ್ಮ ಮನೆಗೆ ಬಂದಿದ್ದರು. ನಾನು ಕ್ಷಮೆ ಕೇಳಹೋದರೆ “ಬಿಡಿ ಅಪ್ಪಾಜಿ, ಜನರನ್ನ ಓಡಿಸೋಕೆ ನಿಮ್ಮ ಯಜಮಾನ್ತಿಯಷ್ಟು ಜೋರು ಗಂಟಲಿನೋರು ಬೇಕಿತ್ತೇನೋ, ಅದಕ್ಕೇ ನನ್ನ ತೆಗೆದಿದಾರೆ” ಎಂದು ನಕ್ಕರು. ಕಣ್ಣು ನಗಲಿಲ್ಲ. ಅವರ ಬದಲಿಗೆ ನೀವು ಇನ್ನೂ ಯಾರನ್ನೂ ನೇಮಿಸಿಲ್ಲ. ಎಂದರೆ ಈಗ ಓಟವೇ ಇಲ್ಲ. ಓಡುವವರೇ ಇಲ್ಲದ ದಾರಿಗೆ ನಮ್ಮ ಹಲಗೆ ಅಡ್ಡವಾಗುವುದು ಹೇಗೆ? ಶನಿವಾರ ಬೆಳಗ್ಗೆ ಇದನ್ನೇ ಕೇಳಲು ಬಂದೆ. ರಜೆ ಎಂದು ಜವಾನರು ಬಾಗಿಲಲ್ಲೇ ಕೈಯಲ್ಲಾಡಿಸಿದರು. ಆ ಹೊತ್ತಿಗೆ ಅವಳ ಶನಿವಾರದ ಸರದಿ ತಪ್ಪಿ ಮೂರು ಗಂಟೆ ಕಳೆದಿತ್ತು.

ಇದನ್ನು ಬರೆಯುತ್ತಿರುವುದು ಭಾನುವಾರ. ಅವಳ ಪಾದಗಳು ಊದಿವೆ, ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ದಿಂಬು ಒರಗಿಸಿ ಕೂರಿಸಿದ್ದೇನೆ, ಮಲಗಿದರೆ ಉಸಿರು ಸಾಲದು. ನರ್ಸಮ್ಮ ಫೋನಿನಲ್ಲಿ, “ಒಂದು ಸಲ ತಪ್ಪಿಸಿದ್ದಾಯ್ತು ತಾತ. ಎರಡನೇದು ತಪ್ಪಿಸ್ಬೇಡಿ. ಕೈ ಮುಗೀತೀನಿ” ಎಂದಳು. ನನ್ನಾಕೆ ಕೇಳಿಸಿಕೊಂಡು “ಹೋಗ್ಲಿ ಬಿಡ್ರೀ, ಎಲ್ಲರಿಗೂ ತೊಂದ್ರೆ” ಎಂದಳು. ನಲವತ್ತಾರು ವರ್ಷ ಸಂಸಾರ ಮಾಡಿದ್ದೇನೆ ಸ್ವಾಮಿ. ನನ್ನನ್ನು ಬೈಯದೆ, ಯಾರನ್ನೂ ಬೈಯದೆ ಅವಳು ಕೈಚೆಲ್ಲಿ ಆಡಿದ ಮೊದಲ ಮಾತು ಇದು. ನನಗೆ ಭಯವಾಗಿದೆ.

ನನ್ನ ಬೇಡಿಕೆ ಇಷ್ಟೇ. ಎರಡರಲ್ಲಿ ಯಾವುದಾದರೊಂದು ಹಲಗೆಯನ್ನು ಕೊಡಿ. ಮೇಡಂ ಅವರ ಪರವಾನಗಿಯನ್ನು ಮರಳಿಸಿ, ಅವರು ಮಾಡಿದ್ದು ತಪ್ಪಲ್ಲ. ಇದು ಸೋಮವಾರ ಅಚ್ಚಾಗುತ್ತದೆ ಎಂದು ಪತ್ರಿಕೆಯವರು ಹೇಳಿದ್ದಾರೆ. ಕಚೇರಿ ತೆರೆದ ತಕ್ಷಣ ಓದಿ. ಮಂಗಳವಾರ ಆರೂವರೆಗೆ ನಾನು ಬಾಗಿಲು ತೆರೆದು, ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತೇನೆ. ಬೇಗ ಉತ್ತರ ಬರೆಯಿರಿ. ಕಾಗದಕ್ಕೆ ಸಹಿ, ಮೊಹರು ಎಂದು ತಡವಾಗುವುದಾದರೆ ಹಲಗೆಯ ಮೇಲೇ ಸೀಮೆಸುಣ್ಣದಲ್ಲಿ ಎರಡಕ್ಷರ ಗೀಚಿ ಕಳಿಸಿ, ಓದಿಕೊಳ್ಳುತ್ತೇನೆ.

ಇಂತಿ,
ಹೆಂಡತಿಯನ್ನು ಒಬ್ಬನೇ ಎತ್ತಲಾರದ ಮುದುಕ