ಇಸ್ಕಿಯಾದ ಬಿಸಿನೀರಿಗೆ ಹೋಗಿ ಬಂದ ಮೇಲೆ

ಮೋಲ್ನ್‌ಡಾಲ್, ಸ್ವೀಡನ್
9 ನವೆಂಬರ್ 2025, ಭಾನುವಾರ

ಪ್ರೀತಿಯ ಲೀಲಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಪಾಠ ಮಾಡುವಾಗ ಕುರ್ಚಿ ಹಾಕಿಸಿಕೋ ಅಂದರೆ ಕೇಳುವವಳಲ್ಲ ನೀನು. ಚಿತ್ರದುರ್ಗದಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು. ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಜೀವನ್, ಮಗಳು, ನಾನು, ಮೂವರೂ ಆರೋಗ್ಯ, ಆದರೆ ಸುಸ್ತು. ಲ್ಯಾಬಿನಿಂದ ಬಂದು ಕೋಟೂ ಬಿಚ್ಚದೆ ಸೋಫಾದ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿರುತ್ತೇನೆ. ವಾಟ್ಸಾಪಿನಲ್ಲಿ ಬರೆದರೆ ನೀನು ಓದಿದೆಯೋ ಇಲ್ಲವೋ ಅಂತ ನೀಲಿ ಗೆರೆ ಕಾಯಬೇಕು, ಅದಕ್ಕೇ ಕಾಗದ.

ಹೋದ ತಿಂಗಳ ಕೊನೆಗೆ ಅನ್ವಿತಾಗೆ ಶಾಲೆ ರಜೆ ಇತ್ತು, ಇಟಲಿಗೆ ಹೋಗಿದ್ದೆವು. ನೇಪಲ್ಸ್‌ನಿಂದ ಒಂದು ದಿನ ಇಸ್ಕಿಯಾ ಅನ್ನುವ ದ್ವೀಪಕ್ಕೆ. ಅಲ್ಲಿ ನೆಲದಿಂದಲೇ ಬಿಸಿನೀರು ಬರುತ್ತದೆ, ಸಮುದ್ರದ ಪಕ್ಕದಲ್ಲೇ ಕೊಳ ಕಟ್ಟಿದ್ದಾರೆ. ನಾನು ಹೋಟೆಲಿನಲ್ಲೇ ಮಲಗಿರುತ್ತೇನೆ ಅಂದೆ, ಜೀವನ್ ಕೇಳಲಿಲ್ಲ. ಹಡಗು ಓಲಾಡಿ ನಿನ್ನ ಮುದ್ದಿನ ಅನ್ವಿತಾ ನನ್ನ ಮಡಿಲಿಗೇ ವಾಂತಿ ಮಾಡಿದಳು.

ಬರುವುದಿಲ್ಲ ಅಂದದ್ದಕ್ಕೆ ಕಾರಣ ಬೇರೆ ಇತ್ತು ಅಕ್ಕಾ. ನಿನಗಿರುವ ಬಿಳಿ ಮಚ್ಚೆ ನನಗೂ ಬಂದಿದೆ. ಒಂದು ವರ್ಷವಾಯಿತು. ಮೊದಲು ಮೊಣಕಾಲು, ಈಗ ತೊಡೆ, ಬೆನ್ನು. ಇಲ್ಲಿಯ ಡಾಕ್ಟರು ಇದು ಅಂಟುವುದಿಲ್ಲ, ಹೆದರಬೇಡ ಅಂತ ನಿನ್ನಿಂದ ನನಗೆ ಮೊದಲೇ ಗೊತ್ತಿದ್ದುದನ್ನೇ ಹೇಳಿ ಮುಲಾಮು ಬರೆದರು. ಜೀವನ್ ‘ಅದಕ್ಕೇನಂತೆ ಬಿಡು’ ಅಂದ; ಅದರ ಹಿಂದೆಯೇ, ‘ಆದರೆ ನಮ್ಮಮ್ಮನಿಗೆ ಈಗಲೇ ಹೇಳಬೇಡ’ ಅಂದ. ಒಳ್ಳೆಯವನೇ. ಆ ಎರಡನೇ ಮಾತು ಮಾತ್ರ ಮರೆಯಲಾಗಿಲ್ಲ.

ಕೊಳದ ಹತ್ತಿರ ಎರಡು ಗಂಟೆ ಚೂಡಿದಾರದಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಅನ್ವಿತಾ ನೀರಿನಿಂದ ಸ್ವೀಡಿಷ್‌ನಲ್ಲಿ ಬಾ ಬಾ ಅಂತ ಕೂಗುತ್ತಲೇ ಇದ್ದಳು. ಕೊನೆಗೆ, ‘ನಿಂಗೆ ನನ್ ಜೊತೆ ಆಡೋಕೆ ಇಷ್ಟ ಇಲ್ವಾ?’ ಅಂದಳು. ಅವಳು ಕನ್ನಡಕ್ಕೆ ಬರುವುದು ತೀರಾ ಬೇಜಾರಾದಾಗ ಮಾತ್ರ. ಎದ್ದೆ. ಈಜುವ ಬಟ್ಟೆ ಹಾಕಿಕೊಂಡು ಬಂದು ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ಕಾವಲಿನವನು ಶಿಳ್ಳೆ ಊದಿದ. ನನ್ನ ಕಡೆಗೇ ಬೆರಳು. ಎಲ್ಲರೂ ತಿರುಗಿ ನೋಡಿದರು. ಮಾವನ ಮಗಳು ದೀಪ್ತಿಯ ಮದುವೆಯಲ್ಲಿ ‘ನೀನು ಬಡಿಸಬೇಡಮ್ಮ, ಕೂತಿರು’ ಅಂತ ನಿನ್ನ ಕೈಯಿಂದ ಕೋಸಂಬರಿ ಪಾತ್ರೆ ಕಿತ್ತುಕೊಂಡರಲ್ಲ, ಆವತ್ತಿನ ನಿನ್ನ ಮುಖವೇ ನನಗೂ ಬಂದಿರಬೇಕು. ಕಾಲು ಹಿಂದಕ್ಕೆ ತೆಗೆದೆ. ಅವನು ಹತ್ತಿರ ಬಂದು ತನ್ನ ತಲೆ ತಟ್ಟಿಕೊಂಡು ಏನೋ ಹೇಳಿದ. ಟೋಪಿ! ಕೂದಲಿಗೆ ಟೋಪಿ ಹಾಕದೆ ಇಳಿಯುವಂತಿಲ್ಲ, ಅಷ್ಟೇ ಅವನ ತಕರಾರು. ಮಚ್ಚೆಯನ್ನು ಅವನು ನೋಡಿದನೋ ಇಲ್ಲವೋ.

ಟೋಪಿ ತಂದು ಇಳಿದೆ. ಕುತ್ತಿಗೆವರೆಗೂ ಬಿಸಿನೀರು. ಅನ್ವಿತಾ ಬಂದು ಬೆನ್ನಿಗೆ ಜೋತುಬಿದ್ದಳು. ತುಂಬಾ ಖುಷಿಯಾಯಿತು ಅಂತ ಬರೆಯಲಾರೆ. ಒಂದು ವರ್ಷ ಮೈ ಮುಚ್ಚಿಕೊಂಡು ಓಡಾಡಿದ ಆಯಾಸವೆಲ್ಲ ಒಟ್ಟಿಗೆ ಕಾಲಿಗಿಳಿದು, ಮೇಲೆ ಬರುವಾಗ ಜೀವನ್ ಕೈ ಹಿಡಿಯಬೇಕಾಯಿತು. ವಾಪಸು ಬರುವಾಗ ಹಡಗಿನಲ್ಲಿ ಹೇಳಿದೆ, ‘ನಿಮ್ಮಮ್ಮನಿಗೆ ನೀನೇ ಹೇಳು, ಈ ವಾರವೇ.’ ಹೇಳಿದ. ಅಂದಿನಿಂದ ಅತ್ತೆ ನನ್ನ ಹತ್ತಿರ ಮಾತಾಡಿಲ್ಲ. ಆಡಲಿ, ಬಿಡಲಿ, ಯೋಚನೆ ಮಾಡುವ ಶಕ್ತಿಯೂ ಇಲ್ಲ.

ನೀನು ಹತ್ತೊಂಬತ್ತನೇ ವಯಸ್ಸಿನಿಂದ ಹೀಗೇ ಬಸ್ಸು ಹತ್ತಿದೆ, ಕೆಲಸ ಹಿಡಿದೆ, ದಿನಾ ಅರವತ್ತು ಮಕ್ಕಳ ಎದುರು ನಿಂತೆ. ನಿನಗೆ ಎಷ್ಟು ಸುಸ್ತಾಗಿರಬೇಕು ಅಂತ ನಾನು ಒಂದು ಸಲವೂ ಕೇಳಲಿಲ್ಲ.

ದೊಡ್ಡಮ್ಮನಿಗೆ ಅಂತ ಅನ್ವಿತಾ ಕಾಗದಕ್ಕೇ ಮುತ್ತು ಕೊಟ್ಟಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಂಗಿ
ಪಾವನಾ

ಇನ್ನೊಂದು ಮಾತು. ಕವರು ಅಂಟಿಸುವ ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯವಿರುವುದಿಲ್ಲ. ಜೀವನ್ ಮನೆಯವರು ನನ್ನನ್ನು ನೋಡಲು ಬಂದ ದಿನ ನಿನ್ನನ್ನು ಹರಿಹರಕ್ಕೆ ಚಿಕ್ಕಮ್ಮನ ಮನೆಗೆ ಕಳಿಸಿದರಲ್ಲ, ಅದು ಅಮ್ಮನ ಕೆಲಸ ಅಂತ ನೀನು ಒಂಬತ್ತು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದೀಯ. ಅಮ್ಮ ಬೇಡವೇ ಬೇಡ ಅಂದಿದ್ದಳು. ‘ಅಕ್ಕ ಮನೆಯಲ್ಲಿದ್ದರೆ ನಾನು ರೂಮಿನಿಂದ ಹೊರಗೆ ಬರಲ್ಲ’ ಅಂತ ಹಟ ಹಿಡಿದವಳು ನಾನು. ತಪ್ಪನ್ನು ಅಮ್ಮ ತನ್ನ ಮೇಲೆ ಹಾಕಿಕೊಂಡಳು, ನಾನು ಸುಮ್ಮನಿದ್ದೆ. ನನ್ನ ಜೊತೆ ಬೇಕಾದರೆ ಮಾತು ಬಿಡು. ಅಮ್ಮನ ಫೋನು ಎತ್ತು.