ಆರನೆಯ ದಿಬ್ಬ

ಅಮ್ಮಾಪೇಟೆ, ಸೇಲಂ
೧೨-೨-೨೦೨೪

ಪ್ರೀತಿಯ ಪಳನಿ ಅಣ್ಣನಿಗೆ, ತಂಗಿ ಸುಗುಣಾ ಮಾಡುವ ನಮಸ್ಕಾರ.

ಕಾಲಿನ ಬೊಬ್ಬೆ ವಾಸಿಯಾಯಿತೇ? ಬಿಸಿ ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಡ ಎಂದು ಅಮ್ಮ ದಿನವೂ ಹೇಳುತ್ತಾಳೆ. ನೀನಿಲ್ಲದ್ದರಿಂದ ಗೋಡೆಗೆ ಹೇಳುತ್ತಾಳೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆಯೇ ಇಟ್ಟುಬಿಡುತ್ತೀಯ, ನನಗೆ ಕೋಪ ಬಂದರೆ ಮಾತು ಮರೆತುಹೋಗುತ್ತದೆ. ತಮಿಳಿನಲ್ಲಿ ಬರೆದರೆ ನಿನ್ನ ರೂಮಿನವರು ಓದುತ್ತಾರೆ. ಅದಕ್ಕೇ ತಾತ ನಮ್ಮಿಬ್ಬರಿಗೂ ಕಲಿಸಿದ ಕನ್ನಡ ಅಕ್ಷರ. ಐದನೇ ಕ್ಲಾಸಿಗೇ ಓದು ಬಿಟ್ಟವಳ ತಪ್ಪುಗಳನ್ನು ತಿದ್ದಿಕೊಂಡು ಓದು.

ಪೊಂಗಲ್‌ಗೆ ಬಂದಾಗ ನೀನು ಕೊಟ್ಟ ಗ್ರಾಫ್ ಕಾಗದವನ್ನು ಮಗ್ಗದ ಎದುರಿನ ಗೋಡೆಗೆ ಅಂಟಿಸಿದ್ದೆ. ಹಗಲೆಲ್ಲ ಸಮುದ್ರತೀರದ ಸರ್ವೆಯಲ್ಲಿ ಅಳತೆ ಕೋಲು ಹಿಡಿದು ದಣಿದರೂ, ಸಮುದ್ರ ನೋಡದ ತಂಗಿಗೆಂದು ನೀನು ಸಂಜೆ ಕೂತು ಆ ತೀರದ ಮರಳು ದಿಬ್ಬಗಳನ್ನೆಲ್ಲ ಬರೆದಿದ್ದೆ. ಸೀರೆ ಅಂಚಿನ ಡಿಸೈನ್ ಬರೆಯುವ ಹಾಗೆಯೇ, ಒಂದು ಚೌಕಕ್ಕೆ ಹತ್ತು ಹೆಜ್ಜೆ; ತಗ್ಗಿನ ದಿಬ್ಬಕ್ಕೆ ಹಳದಿ, ಎತ್ತರದ್ದಕ್ಕೆ ಕೆಂಪು. ಒಟ್ಟು ಒಂಬತ್ತು. ಆರನೆಯದು ಎಲ್ಲಕ್ಕಿಂತ ಎತ್ತರ, ಅದರ ಹಿಂದೆ ಮೀನುಗಾರರ ನಲವತ್ತು ಮನೆ. ನಿನಗೆ ದಿನಾ ಗಂಜಿ ಕೊಡುವ ಚಿನ್ನತಾಯಿ ಅಜ್ಜಿಯ ಮನೆಯೂ ಅಲ್ಲೇ. ಸುನಾಮಿಯ ನೀರು ಆ ದಿಬ್ಬಕ್ಕೆ ಹೊಡೆದು ಹಿಂದಕ್ಕೆ ಹೋಯಿತಂತೆ. "ಇದೇ ನಮ್ ಗೋಡೆ ತಂಬಿ, ಯಾವ ಮೇಸ್ತ್ರಿಗೂ ಕೂಲಿ ಕೊಟ್ಟಿಲ್ಲ" ಎಂದಳೆಂದು ನೀನೇ ಹೇಳಿ ನಗಿಸಿದ್ದೆ.

ಮೊನ್ನೆ ನೀನು ಆ ಸರ್ವೆಯ ಅಚ್ಚಾದ ನಕ್ಷೆಯ ಫೋಟೋ ಕಳಿಸಿದೆ. ಕೆಳಗೆ ಸಹಾಯಕ ಎಂದು ನಿನ್ನ ಹೆಸರು. ಅಪ್ಪ ಬೀದಿಗೆಲ್ಲ ತೋರಿಸಿದ. ನಾನು ಗ್ರಾಫ್ ಪಕ್ಕ ಹಿಡಿದು ಎಣಿಸಿದೆ. ಎಂಟೇ. ಆರನೆಯ ದಿಬ್ಬದ ಜಾಗದಲ್ಲಿ ಬಯಲು. ದಿಬ್ಬ ಇರುವಲ್ಲಿ ಕಟ್ಟಡ ಕಟ್ಟಕೂಡದು, ಬಯಲಿದ್ದರೆ ಕಟ್ಟಬಹುದು, ಅದನ್ನು ತೀರ್ಮಾನಿಸಲಿಕ್ಕೇ ಈ ನಕ್ಷೆ ಎಂದು ಹೇಳಿದವನೂ ನೀನೇ. ಕೇಳಿದರೆ, "ಗಾಳಿಗೆ ಓಯ್ತಂತೆ ಕಣೆ, ಇಂಜಿನಿಯರ್ ವಿಶ್ವನಾಥನ್ ಸಾರ್ ಏಳಿದ್ರು" ಎಂದೆ. ಮೂರಾಳೆತ್ತರದ ದಿಬ್ಬ, ಅಷ್ಟು ಬೇರು ಬಿಟ್ಟ ಬಳ್ಳಿ ಸಮೇತ, ಒಂದೇ ತಿಂಗಳಲ್ಲಿ? ಅದೂ ಹೋಟೆಲ್ ಕಟ್ಟುವವರು ಕಲ್ಲು ನೆಟ್ಟಿದ್ದಾರೆಂದು ನೀನು ಪೊಂಗಲ್‌ನಲ್ಲಿ ಹೇಳಿದ್ದ ಜಾಗದಲ್ಲೇ? ಬಿಡದೆ ಕೇಳಿದ ಮೇಲೆ, "ದಿಬ್ಬ ಅಲ್ಲೇ ಐತೆ, ನಕ್ಷೆಲಿ ಇಲ್ಲ ಅಷ್ಟೆ. ಆ ಗ್ರಾಫ್ ಅರ್ದಾಕು" ಎಂದೆ.

ಅಷ್ಟೆಯಂತೆ. ನಲವತ್ತು ಮನೆಯ ಗೋಡೆ ಕೆಡವಲು ದಾರಿ ಬಿಟ್ಟುಕೊಟ್ಟು, ಅದರ ಕೆಳಗೆ ಹೆಸರು ಹಾಕಿಸಿಕೊಂಡು, ಅಷ್ಟೆ ಎನ್ನಲು ನಿನಗೆ ಬಾಯಿ ಹೇಗೆ ಬಂತು? ಆ ಅಜ್ಜಿಯ ಗಂಜಿ ಈಗಲೂ ಕುಡಿಯುತ್ತಿದ್ದೀಯಾ?

ನಿನಗೆ ಹದಿನಾರು ವರ್ಷವಿದ್ದಾಗ ಮದುವೆ ಸೀರೆಯೊಂದರಲ್ಲಿ ಗ್ರಾಫಿನ ಒಂದು ಸಾಲು ಬಿಟ್ಟು ಒಂದು ಗೇಣು ಮುಂದೆ ನೇಯ್ದಿದ್ದೆ. "ಯಾರಿಗ್ ಕಾಣ್ತದೆ ಅಪ್ಪಾ" ಎಂದದ್ದಕ್ಕೆ ಅಪ್ಪ, "ನಿಂಗೆ ಕಂಡೈತಲ್ಲ ಲಾ, ಬಿಚ್ಚು" ಎಂದ. ನೀನು ಅಳುತ್ತ ಬಿಚ್ಚಿದೆ, ನಾನು ಎಳೆ ಸುತ್ತಿದೆ. ಅದು ಬರೀ ಸೀರೆ. ಕೆಲಸ ಹೋದೀತೆಂಬ ಭಯ ನನಗೂ ಅರ್ಥವಾಗುತ್ತದೆ. ನಿನ್ನ ಮಗ್ಗವನ್ನು ನಾವಿನ್ನೂ ಬಿಚ್ಚಿಟ್ಟಿಲ್ಲ, ದಿನಾ ಧೂಳು ಒರೆಸುತ್ತೇನೆ.

ಅಮ್ಮನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಕೋಪದಲ್ಲಿದ್ದರೂ ನಿನ್ನ ತಂಗಿ,
ಸುಗುಣಾ

ಇನ್ನೊಂದು ಮಾತು: ಗ್ರಾಫ್ ಹರಿದಿಲ್ಲ. ನಕ್ಷೆಯ ಬಗ್ಗೆ ಜನರ ಆಕ್ಷೇಪಣೆ ಕೇಳುವ ಸಭೆ ಇಪ್ಪತ್ತೆರಡನೇ ತಾರೀಖು ಗುರುವಾರ ಎಂದು ಫೋಟೋದ ಮೂಲೆಯಲ್ಲೇ ಇದೆ. ಅಪ್ಪನಿಗೆ ಈಗಷ್ಟೇ ಎಲ್ಲ ಹೇಳಿದೆ. ಕೇಳಿದವನೇ ಸಭೆಯ ಹಿಂದಿನ ದಿನ, ಬುಧವಾರದ ಬಸ್ಸಿಗೆ ಎರಡು ಟಿಕೆಟ್ ತರಲು ಹೋಗಿದ್ದಾನೆ. ಕಂಡಕ್ಟರಿಗೆ ಇಳಿಯುವ ಸ್ಟಾಪ್ ಹೇಳಲು ಬಾಯಿ ಬಾರದೆ ಮುಂದಿನ ಸ್ಟಾಪಿನಿಂದ ನಡೆದು ಬರುವವಳು ನಾನು, ನಿನಗೆ ಗೊತ್ತು. ಸಭೆಯಲ್ಲಿ ನೀನು ಎದ್ದು ಒಂಬತ್ತು ಎಂದರೆ, ನಾನು ಸುಮ್ಮನೆ ಸಮುದ್ರ ನೋಡಿಕೊಂಡು ಬರುತ್ತೇನೆ. ನೀನು ಏಳದಿದ್ದರೆ ನಾನು ಏಳುತ್ತೇನೆ.