ಎರಡು ಬೆರಳು ಎಣ್ಣೆ

ಹುಮನಾಬಾದ್
ಬುಧವಾರ, 20-11-1974

ನಮ್ಮ ಕೇಶರಳ ಅಪ್ಪನವರಿಗೆ,
ಮನೆಯಿಂದ ಸುಂದರಬಾಯಿ ಕೈಮುಗಿದು ಬರೆಯುವುದು.

ಈಗ ಸಂಜೆ ನಾಲ್ಕು ಗಂಟೆ. ಮುಂಜಾನೆ ಎರಡು ಕುಪ್ಪಸ ಹೊಲಿದೆ. ಮಧ್ಯಾಹ್ನವೆಲ್ಲ ಸಿರಾಜುದ್ದೀನ್ ಭಾಯಿಯ ಸೈಕಲ್ ಅಂಗಡಿಯಲ್ಲಿ ಕೂತು, ಅವರು ನಮ್ಮ ಛರ್ರಾ ಬಂದೂಕು ಬಿಚ್ಚುವುದನ್ನು ನೋಡಿದೆ. ದಿನದ ವಹಿಯಲ್ಲಿ ಇಷ್ಟು ಬರೆದು ಮುಚ್ಚಬೇಕೆಂದಿದ್ದೆ. ಆದರೆ ಇವತ್ತಿನ ಮಾತು ವಹಿಯಲ್ಲಿ ಮುಚ್ಚಿಡುವಂಥದ್ದಲ್ಲ.

ನೀವು ಕಲ್ಯಾಣದಲ್ಲಿ ನಿಮ್ಮ ಅಣ್ಣನ ಮನೆ ಸೇರಿ ನಾಲ್ಕು ವಾರವಾಯಿತು. ಅವರ ಕಿರಾಣಿ ಅಂಗಡಿಯಲ್ಲಿ ಕೂಡುತ್ತೀರಂತೆ. ಇಲ್ಲಿ ಜನ ಗುರಿಯಿಟ್ಟು ಹೊಡೆಯಲೆಂದು ಫುಗ್ಗಾ, ಅಂದರೆ ಬಲೂನು, ಕಟ್ಟುವ ನಮ್ಮ ಹಲಗೆ ಗೋಡೆಗೆ ಒರಗಿಯೇ ಇದೆ. ಬಸ್ ಸ್ಟ್ಯಾಂಡಿನಲ್ಲಿ ಜನ ಕೇಳುತ್ತಾರೆ. ಬಂದೂಕು ಕೆಟ್ಟಿದೆ ಎಂದಷ್ಟೇ ಹೇಳುತ್ತೇನೆ.

ದಸರೆಯ ದಿನ ನೆನಪಿದೆಯಲ್ಲ. ಫುಗ್ಗಾ ಹೊಡೆಯಲು ಬಂದ ಆ ಲಾರಿ ಡ್ರೈವರ್ ಬಂದೂಕಿನ ಕುದುರೆ ಎಳೆದ ಕೂಡಲೇ ಅದು ನಿಜವಾದ ಕೋವಿಯ ಹಾಗೆ ಒದರಿ, ನಳಿಕೆಯಿಂದ ಹೊಗೆ ಬಂತು. ಎರಡನೇ ಸಲಕ್ಕೆ ಒಳಗೆ ಸ್ಪ್ರಿಂಗ್ ಮುರಿಯಿತು. ಮನೆಗೆ ಬಂದ ಮೇಲೆ ನೀವು ಕೇಳಿದ್ದು ಒಂದೇ ಮಾತು: "ಹ್ವಾದ ಗುರುವಾರ ಯಾವ ಎಣ್ಣಿ ಹಾಕಿದಿ?" ನಾನು, "ಅದ ಶೀಸೇದ್ದು ಹಾಕೇನ್ರಿ, ಕೇಶರ ತಂದಿಟ್ಟಿದ್ದು" ಅಂದೆ. ನೀವು ಶೀಸೆ ಇಟ್ಟಿದ್ದ ಗೋಡೆಯ ಮಾಡದ ಕಡೆ ಒಮ್ಮೆ ನೋಡಿ, "ಆಕಿ ಇದ್ದಾಗ ಬಂದೂಕ ಹಿಂಗ ಒದರಿದ್ದಿಲ್ಲ" ಅಂದಿರಿ. ಮರುದಿನ ಚೀಲ ಹಿಡಿದು ಹೊರಟಿರಿ.

ಆ ಮಾತು ನನಗೆ ಬಹಳ ಚುಚ್ಚಿತು. ಚುಚ್ಚಿದ್ದು ಯಾಕೆಂದರೆ ನಾನು ಹೇಳಿದ್ದು ಸುಳ್ಳು.

ಆ ಶೀಸೆಯ ಮೇಲೆ ನಾನು ಎಷ್ಟು ಸಿಟ್ಟಾಗಿದ್ದೆ, ನಿಮಗೆ ಗೊತ್ತು. ಚಪ್ಪಲಿ ಹೊಲಿಯುವ ಮಡೆಪ್ಪ ದನದ ಗೊರಸು, ಕಾಲೆಲುಬು ಕುದಿಸಿ ತೆಗೆದುಕೊಟ್ಟ ಎಣ್ಣೆ ಅದು. ಮನೆಯೊಳಗೆ ತರಬೇಡ ಎಂದು ಅವಳಿಗೆ ಕಟ್ಟಳೆ ಹಾಕಿದ್ದೆ. ಅವಳು ಹೊರಗಿನ ಕಿಟಕಿಯಲ್ಲಿಟ್ಟು, "ಅವ್ವಾ, ಇದು ಬಂದೂಕಿನ ತುಪ್ಪ, ನಿನಗ ಬಡಸಂಗಿಲ್ಲ ಬಿಡು" ಎಂದು ನಗುತ್ತಿದ್ದಳು. ಹೋದ ವರ್ಷ ಶ್ರಾವಣದಲ್ಲಿ ವಿಷಮಜ್ವರ ಅವಳನ್ನು ಒಯ್ದ ಮೇಲೆ ನಾನೇ ಅದನ್ನು ಒಳಗೆ ತಂದು ದೀಪದ ಮಾಡದಲ್ಲಿಟ್ಟೆ. ಶೀಸೆಯಲ್ಲಿ ಎರಡು ಬೆರಳು ಎಣ್ಣೆ ಉಳಿದಿತ್ತು. ವಾರಕ್ಕೆ ಎರಡು ಹನಿ ಎಂದರೂ ಒಂದು ದಿನ ಮುಗಿಯುವುದೇ. ಮಡೆಪ್ಪನ ಹತ್ತಿರ ಹೊಸದು ಕೇಳಬಹುದಿತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದವಳು ಅವಳು. ನಾನು ಹೋಗಿ ನಿಂತರೆ ಅವನು ಏನಾದರೂ ಕೇಳುತ್ತಾನೆ, ನಾನು ಹೇಳಬೇಕಾಗುತ್ತದೆ.

ಹಾಗಾಗಿ, ಬಂದೂಕಿಗೆ ಎಣ್ಣೆ ಹಾಕಲು ಒಂದು ಗುರುವಾರ ನೀವು, ಒಂದು ಗುರುವಾರ ನಾನು ಎಂದು ಸರದಿ ಮಾಡಿಕೊಂಡಾಗ, ನನ್ನ ಸರದಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದೆ. ಎಣ್ಣೆ ಎಣ್ಣೆಯೇ ಅಂದುಕೊಂಡೆ. ತೆಳು ಎಣ್ಣೆಗೆ ಹೆಚ್ಚು ಹನಿ ಬೇಕಾದೀತೆಂದು ಹತ್ತು ಹನ್ನೆರಡು ಹನಿ ಬಿಡುತ್ತಿದ್ದೆ.

ಇವತ್ತು ಭಾಯಿಗೆ ಇದನ್ನು ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಭಾಭಿ, ಮಿಷನ್ ಎಣ್ಣಿ ಮಿಷನ್‌ಗೆ. ಇದರಾಗ ಗಾಳಿ ಜೋರಿಲೆ ಒತ್ತತದ, ಕಾವು ಏರತದ, ಆ ಎಣ್ಣಿ ಒಳಗ ಹೊತ್ತತದ. ನೀವು ಬಂದೂಕಿನ್ಯಾಗ ಮದ್ದು ತುಂಬಿದಂಗಾತು" ಅಂದರು. ಸ್ಪ್ರಿಂಗಿಗೆ ಬೆರಳಿಗೆ ಅಂಟುವಷ್ಟು ಗ್ರೀಸ್ ಸಾಕಂತೆ. ನಳಿಕೆ ಮಡಚುವ ಕೀಲಿಗೆ ಮಿಷನ್ ಎಣ್ಣೆ ನಡೆಯುತ್ತದಂತೆ. ಗಾಳಿ ಒತ್ತುವ ತೊಗಲಿನ ವಾಶರಿಗೆ ಮಾತ್ರ ಆ ಗೊರಸಿನ ಎಣ್ಣೆಯೇ ಬೇಕಂತೆ, ಅದೂ ಎರಡೇ ಹನಿ. ಹದಿನೆಂಟರ ಹುಡುಗಿಗೆ ಇದೆಲ್ಲ ಗೊತ್ತಿತ್ತು.

ವಾಶರ್ ಸುಟ್ಟು ಕರಿಕಾಗಿತ್ತು. ಹೊಸದಕ್ಕೆ ಮಡೆಪ್ಪನ ಹತ್ತಿರ ನಾನೇ ಹೋದೆ. ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು. ತೊಗಲು ಕತ್ತರಿಸಿ, ಕಿವಿಗೆ ಹಚ್ಚಿ ಮಡಚಿ ನೋಡಿ, "ತೊಗಲು ಸತ್ತರೂ ಅದರ ಬಾಯಿರುಚಿ ಸತ್ತಿರಂಗಿಲ್ಲ, ತಂಗಿ" ಎಂದು ಒಂದು ತುಂಬಿದ ಶೀಸೆ ಕೈಗಿಟ್ಟ. "ಈಟು ದಿನ ಯಾಕ ಬರಲಿಲ್ಲ? ಆಕಿ ಪಾಲಿಂದು ತಗದಿಟ್ಟೇನಿ" ಅಂದ. ಅಲ್ಲೇ ಸ್ವಲ್ಪ ಹೊತ್ತು ಕೂತು ಬಂದೆ.

ಈಗ ಹೊಸ ಸ್ಪ್ರಿಂಗ್, ಹೊಸ ವಾಶರ್ ಕೂತಿವೆ. ವಾಶರಿಗೆ ಇನ್ನೂ ಎಣ್ಣೆ ಹಾಕಿಲ್ಲ. ಹಳೆಯ ಶೀಸೆ ಮಾಡದಲ್ಲೇ ಇದೆ. ಅದನ್ನು ಮುಟ್ಟುವ ಕಾರಣ ಇನ್ನಿಲ್ಲ.

ಸುಳ್ಳು ಹೇಳಿದ್ದು ತಪ್ಪಾಯಿತು. ಹಲಗೆ ನನ್ನೊಬ್ಬಳಿಂದ ಎತ್ತಲಾಗುವುದಿಲ್ಲ.

ಭಾಯಿ ನಾಳೆ ಮುಂಜಾನೆ ಆರರ ಬಸ್ಸಿಗೆ ಟೈರು ತರಲು ಕಲ್ಯಾಣಕ್ಕೆ ಹೊರಟಿದ್ದಾರೆ. ಪತ್ರ ಅವರ ಕೈಯಲ್ಲಿ ಕೊಡುತ್ತೇನೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅವರೇ ಬರೆಯುತ್ತಾರೆ.

ಇಂತು,
ಸುಂದರಬಾಯಿ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಬಂದೂಕಿನೊಳಗೆ ನನ್ನ ಎಣ್ಣೆಯ ಕರಿ ಮಾತ್ರ ಇರಲಿಲ್ಲ. ಅದರ ಕೆಳಗೆ ಹಳದಿ ಜಿಗಟು, ಬಾಗಿಲಿಗೆ ಬಳಿದ ವಾರ್ನಿಶಿನ ಹಾಗೆ ಒಣಗಿ ಕೂತಿತ್ತು. ಭಾಯಿ ಕೆರೆದು ಮೂಸಿ, "ಇದು ಕುಸುಬಿ ಎಣ್ಣಿ" ಅಂದರು. ನಾನು ಒಂದು ದಿನವೂ ಅದಕ್ಕೆ ಅಡುಗೆಯ ಕುಸುಬಿ ಎಣ್ಣೆ ಹಾಕಿದವಳಲ್ಲ. ದಸರೆಯ ದಿನ ನೀವು ಮಾಡದ ಕಡೆ ನೋಡಿದಾಗ ಶೀಸೆಯಲ್ಲಿ ಎರಡು ಬೆರಳು ಎಣ್ಣೆ ಹಾಗೇ ಇತ್ತು. ನನ್ನ ಸುಳ್ಳು ನಿಮಗೆ ಅಲ್ಲೇ ತಿಳಿದಿರಬೇಕು. ಆದರೂ ಸುಳ್ಳಿ ಅನ್ನಲಿಲ್ಲ. ಯಾಕೆಂದು ಇವತ್ತು ತಿಳಿಯಿತು. ನಾನೂ ಏನೂ ಅನ್ನುವುದಿಲ್ಲ. ನಾಳೆ ಗುರುವಾರ. ಸರದಿ ನಿಮ್ಮದು.